ಉಸಿರಿಲ್ಲದ ಓದು

ಮಾರ್ಚ್ 8

ಕತ್ತರಿ ಮಹಾಶಯರಿಗೆ,

"ನಾನಿಲ್ಲಿ ಕ್ಷೇಮ" ಎಂದು ಶುರು ಮಾಡಿದರೆ ನೀವು ಮೂಗು ಮುರಿಯುತ್ತೀರಿ. ಅರ್ಧ ಕ್ಷೇಮ ಎಂದಿಟ್ಟುಕೊಳ್ಳಿ, ಉಳಿದರ್ಧ ಡಾಕ್ಟರಮ್ಮನ ಕೈಯಲ್ಲಿದೆ.

ಕಾಗದದ ಮಡಿಕೆಯೊಳಗೆ ಉಗುರಿನಷ್ಟಗಲದ ಮೆಮೊರಿ ಕಾರ್ಡ್ ಇದೆ, ಕೊಡವಿ ಕಳೆದುಬಿಟ್ಟೀರಿ. ಕಾದಂಬರಿಯ ಹನ್ನೊಂದನೇ ಅಧ್ಯಾಯ ಪೂರ್ತಿ ಓದಿದ್ದೇನೆ. ಆಸ್ಪತ್ರೆ ಹತ್ತಿರವೆಂದು ಬಂದು ಕೂತಿರುವ ಅಕ್ಕನ ಮನೆಯ ಹೊಲಿಗೆ ಕೋಣೆಯೇ ಈಗ ನನ್ನ ಸ್ಟುಡಿಯೋ. ಗಿರಾಕಿಗಳ ಬಟ್ಟೆಗಳೆಲ್ಲ ಸುತ್ತ ನೇತಾಡುತ್ತವೆ, ನಡುವೆ ಸ್ಟೂಲು ಹಾಕಿಕೊಂಡು ಕೂತರೆ ಬೀದಿಯ ಗದ್ದಲ ಅರ್ಧಕ್ಕರ್ಧ ಕಮ್ಮಿ. ಅಕ್ಕ ಮಾತ್ರ ಬಾಗಿಲ ಹೊರಗೆ ಗೊಣಗುತ್ತಿರುತ್ತಾಳೆ: "ಕಣ್ಣು ಕಾಣದವ್ರಿಗೆ ನೀನು ಕಥೆ ಓದು, ನಾನು ಮೆಷಿನ್ ನಿಲ್ಲಿಸ್ಕೊಂಡು ಗಿರಾಕಿಗಳ ಹತ್ರ ಬೈಸ್ಕೋತೀನಿ." ಇಪ್ಪತ್ತು ವರ್ಷ ಗ್ರಂಥಾಲಯದ ರೆಕಾರ್ಡಿಂಗ್ ಕೋಣೆಯಲ್ಲಿ ಗಾಜಿನ ಆ ಕಡೆ ಕತ್ತರಿಸುತ್ತಾ ನೀವು, ಈ ಕಡೆ ಓದುತ್ತಾ ನಾನು ಕೂತು ಮಾಡಿದ ಕೆಲಸ ಎಂಥದೆಂದು ಅವಳಿಗೆ ಈಗ ಗೊತ್ತಾಗುತ್ತಿದೆ.

ಕೆಂಪು ಮದ್ದಿನ, ಅದೇ ಆ ಕೀಮೋದ, ಕಂತುಗಳು ಮುಗಿದವು. ಇನ್ನು ಮೂರು ವಾರಕ್ಕೊಂದು ಇಂಜೆಕ್ಷನ್, ಒಂದು ವರ್ಷ. ಇದರಿಂದ ಕೂದಲು ಉದುರುವುದಿಲ್ಲವಂತೆ. ಉದುರಲು ಇರಬೇಕಲ್ಲ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರೆ, ನನಗೆ ಹಿಟ್ಟಿದೆ, ಜುಟ್ಟೇ ಇಲ್ಲ. ಶುರು ಮಾಡುವ ಮುಂಚೆ ಡಾಕ್ಟರಮ್ಮ ಹೃದಯದ ಸ್ಕ್ಯಾನ್ ಮಾಡಿಸಿದರು. "ಈ ಔಷಧಿ ಗಡ್ಡೆ ಮತ್ತೆ ಬರದ ಹಾಗೆ ತಡಿಯುತ್ತೆ. ಆದ್ರೆ ಕೆಲವ್ರಿಗೆ ಹೃದಯ ದಣಿದುಬಿಡುತ್ತೆ, ನೀವು ಬೇರೆ ಮೊದ್ಲೇ ಕೆಂಪು ಮದ್ದು ತಗೊಂಡಿದ್ದೀರಿ. ಮೂರು ತಿಂಗಳಿಗೊಂದ್ಸಲ ನೋಡ್ತಾ ಇರ್ತೀವಿ. ಮಧ್ಯದಲ್ಲಿ ಉಸಿರು ಸಾಲದೆ ಹೋದ್ರೆ, ಕಾಲು ಊದಿದ್ರೆ, ತೂಕ ಇದ್ದಕ್ಕಿದ್ದ ಹಾಗೆ ಏರಿದ್ರೆ ಕಾಯ್ತಾ ಕೂರ್ಬೇಡಿ, ಬಂದು ಹೇಳಿ" ಎಂದರು. ಹೂಂ ಎಂದೆ. ಸ್ಕ್ಯಾನ್ ಚೆನ್ನಾಗಿಯೇ ಬಂದಿದೆ.

ಇಂಜೆಕ್ಷನ್ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯವಳು ಹಸಿರು ಉಣ್ಣೆಯ ಟೋಪಿ ಹಾಕಿಕೊಂಡು ಬರುತ್ತಾಳೆ. ಬಸ್ ಕಂಡಕ್ಟರ್ ಆಗಿದ್ದವಳು. ನರ್ಸ್ ತಡ ಮಾಡಿದರೆ "ರೈಟ್ ರೈಟ್, ಹೊರಡ್ಲಿ!" ಎಂದು ಕೂಗಿ ಇಡೀ ಕೋಣೆಯನ್ನು ನಗಿಸುತ್ತಾಳೆ. ನಾನು ಮನಸ್ಸಿನಲ್ಲೇ ಅವಳನ್ನು ಹಸಿರು ಟೋಪಿ ಎಂದು ಕರೆಯುತ್ತೇನೆ.

ಫೋನ್ ಬೇಡ ಎಂದದ್ದಕ್ಕೆ ಮುನಿಸಿಕೊಂಡಿದ್ದೀರಂತೆ. ಬಾಯಿಯ ಹುಣ್ಣು ವಾಸಿಯಾಗಿದೆ, ನಿಜ. ಆದರೂ ದಿನಕ್ಕೆ ಇಂತಿಷ್ಟೇ ಎಂದು ಇರುವ ದನಿಯನ್ನು ಪುಸ್ತಕಕ್ಕೆ ಉಳಿಸಿಕೊಳ್ಳುತ್ತೇನೆ. ಕಾಗದದಲ್ಲಾದರೆ ಎಷ್ಟು ಬೇಕಾದರೂ ಹರಟಬಹುದು. ಮತ್ತೆ, ನೋಡಲು ಬರುತ್ತೇನೆ ಎಂದು ಹೊರಟುಬಿಡಬೇಡಿ. ಅತ್ತೆಯನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವವರು ಯಾರು? ಹೀಗೆ ಬರಬೇಡಿ ಎಂದು ಬರೆಯುವವಳು, ಕೆಳಗೆ ಆಟೋ ನಿಂತ ಸದ್ದಾದಾಗಲೆಲ್ಲ ಕಿಟಕಿಗೆ ಹೋಗಿ ಬಗ್ಗಿ ನೋಡುತ್ತೇನೆ. ಬರೆದದ್ದು ಬರೆದಾಯಿತು, ಹೊಡೆದುಹಾಕುವುದಿಲ್ಲ.

ನಿಮ್ಮ ಓದುಗಿತ್ತಿ

ಮಾರ್ಚ್ 19

ನನ್ನ ಓದುಗಿತ್ತಿಗೆ,

ಕಾರ್ಡ್ ಜೋಪಾನವಾಗಿ ಬಂತು. ಅಮ್ಮನ ಮಂಚದ ಮೇಲೆ ಬಟ್ಟೆ ಹಾಸಿ ಲಕೋಟೆ ಬಿಡಿಸಿದೆ. "ಚಿನ್ನ ಏನಾದ್ರೂ ಕಳಿಸಿದ್ದಾಳೇನೋ?" ಎಂದು ಕೇಳಿದಳು.

ನಿನಗೊಂದು ಸರ್ಟಿಫಿಕೇಟ್ ಕೊಡಬೇಕು. ಇಷ್ಟು ಚೊಕ್ಕಟವಾದ ಓದು ನನ್ನ ಸರ್ವೀಸಿನಲ್ಲೇ ಕೇಳಿಲ್ಲ. ವಾಕ್ಯ ಮುಗಿದ ಕೂಡಲೇ ನೀನು ಸುಯ್ಯೆಂದು ಎಳೆದುಕೊಳ್ಳುವ ಉಸಿರನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದಾಗಿ ತೆಗೆಯುವುದೇ ನನ್ನ ಕೆಲಸವಾಗಿತ್ತು. ಈ ಸಲ ಹುಡುಕಿದರೂ ಒಂದು ಸಿಗಲಿಲ್ಲ. ಗಾಜಿನ ಈಚೆಯಿಂದ ಕೈ ಬೀಸಿ ಬೀಸಿ "ಉಸಿರು, ಉಸಿರು" ಎಂದು ಬಡಿದುಕೊಂಡರೂ ಕಲಿಯದವಳು ಅಕ್ಕನ ಮನೆಯ ಬಟ್ಟೆಗಳ ನಡುವೆ ಕೂತು ಕಲಿತುಬಿಟ್ಟೆ. ಒಂದು ವಾರದ ಕೆಲಸ ಎರಡೇ ದಿನಕ್ಕೆ ಮುಗಿಯಿತು.

ಅಮ್ಮ ನಿನ್ನ ದನಿ ಕೇಳಬೇಕೆಂದು ಹಟ ಹಿಡಿದಳು. ಅವಳ ಮಂದ ಕಿವಿಗೆ ಹೆಡ್‌ಫೋನ್ ಹಾಕಿ ಜೋರಾಗಿಟ್ಟೆ. ಅಣ್ಣ ತಮ್ಮಂದಿರು ಬೇರೆಯಾಗುವ ಭಾಗ ಬಂದಾಗ ಕಣ್ಣರಳಿಸಿ, "ಅವ್ಳ ಅಕ್ಕನ ಮನೇಲಿ ಇಷ್ಟೊಂದು ಜಗಳಾನಾ? ಕರ್ಕೊಂಡು ಬಾರೋ ಅವ್ಳನ್ನ" ಎಂದಳು. ಅದು ಕಾದಂಬರಿ ಎಂದು ಹೇಳಿ ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು.

ಕೆಲಸ ಬೇಗ ಮುಗಿದದ್ದನ್ನು ಖುಷಿಯ ಸುದ್ದಿಯಂತೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಮುಂಚೆ ಇಡೀ ವಾರ ಕಿವಿಯಲ್ಲಿ ನೀನಿರುತ್ತಿದ್ದೆ. ಉಳಿದ ದಿನಗಳಲ್ಲಿ ಏನು ಮಾಡಬೇಕೋ ತೋಚದೆ ನಿನ್ನ ಗಿಡಗಳಿಗೆ ಎರಡೆರಡು ಸಲ ನೀರು ಹಾಕಿದೆ, ಒಂದು ಕೊಳೆತೇ ಹೋಯಿತು. ಆಪರೇಷನ್ ಆದ ದಿನ ನಿನ್ನ ಮುಖ ನೋಡಿ ಬಂದವನು ಆಮೇಲೆ ನೋಡಿಲ್ಲ. ನಾಲ್ಕು ತಿಂಗಳಾಯಿತು. ಪಕ್ಕದ ಮನೆಯಾಕೆ ಎರಡು ದಿನ ಅಮ್ಮನನ್ನು ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಬರಲೇ?

ನಿನ್ನ ಕತ್ತರಿ

ಏಪ್ರಿಲ್ 6

ರೀ,

ಬರಬೇಡಿ ಎಂದರೆ ಬರಬೇಡಿ. ಆ ಪಕ್ಕದ ಮನೆಯಾಕೆಯನ್ನು ಒಳಗೆ ಬಿಟ್ಟರೆ ನೀವು ವಾಪಸ್ಸಾಗುವಷ್ಟರಲ್ಲಿ ನಮ್ಮ ಮನೆ ಕಥೆ ಬೀದಿಗೆಲ್ಲ ಹಂಚಿಹೋಗಿರುತ್ತದೆ.

ಹನ್ನೆರಡು, ಹದಿಮೂರನೇ ಅಧ್ಯಾಯ ಇಟ್ಟಿದ್ದೇನೆ. ತಡವಾಯಿತು. ಈ ಕಾದಂಬರಿ ಬರೆದವರಿಗೆ ಪೂರ್ಣವಿರಾಮ ಎಂದರೇನೆಂದು ಯಾರೂ ಹೇಳಿಕೊಟ್ಟಿಲ್ಲ, ಒಂದೊಂದು ವಾಕ್ಯವೂ ಅರ್ಧ ಪುಟ.

ಇವತ್ತು ಇಂಜೆಕ್ಷನ್ ಆಯಿತು. ಹಸಿರು ಟೋಪಿಯ ಕುರ್ಚಿ ಖಾಲಿ. ಅವಳ ಸ್ಕ್ಯಾನಿನಲ್ಲಿ ಹೃದಯ ಸೋತಿದೆ ಎಂದು ಬಂದು ಇಂಜೆಕ್ಷನ್ ನಿಲ್ಲಿಸಿದರಂತೆ. "ಎಲ್ಲಿ ಅವ್ರು?" ಎಂದು ನರ್ಸನ್ನು ಕೇಳಿದೆ. "ಅವ್ರು ಇನ್ನು ಇಲ್ಲಿಗೆ ಬರಲ್ಲ" ಎಂದು ಸೂಜಿಯ ಮೇಲೆ ಕಣ್ಣಿಟ್ಟೇ ಹೇಳಿದಳು. ಬರಲ್ಲ ಎಂದರೆ ಏನು ಅರ್ಥ ಎಂದು ಇನ್ನೊಂದು ಸಲ ಕೇಳುವ ಧೈರ್ಯವಾಗಲಿಲ್ಲ. ಔಷಧಿ ನಿಲ್ಲಿಸಿದ ಮೇಲೆ ಕಾಯಿಲೆ ಕೈಕಟ್ಟಿ ಕೂತಿರುತ್ತದೆಯೇ? ಪಕ್ಕದಲ್ಲಿ ಯಾರೂ ಕೂಗದೆ ಕೋಣೆ ಬಿಕೋ ಎನ್ನುತ್ತಿತ್ತು.

ನನಗೇನೂ ಇಲ್ಲ. ಅಕ್ಕನ ದಿಂಬುಗಳು ತೆಳ್ಳಗೆ, ಮೂರನ್ನು ಜೋಡಿಸಿಕೊಂಡು ಒರಗುತ್ತೇನೆ. ನನ್ನ ಚಪ್ಪಲಿ ಯಾಕೋ ಬಿಗಿ, ಅವಳದ್ದನ್ನೇ ಹಾಕಿಕೊಂಡು ಓಡಾಡುತ್ತಿದ್ದೇನೆ. ಮೂರನೇ ಮಹಡಿಗೆ ಹತ್ತುವಾಗ ಎರಡನೇ ಮಹಡಿಯ ಅಜ್ಜನ ಬಾಗಿಲಲ್ಲಿ ದಿನಾ ನಿಂತು ಮಾತಾಡುತ್ತೇನೆ. ಅವರ ಮೊಮ್ಮಕ್ಕಳ ಕಥೆ ಕೇಳುವವರು ಇಷ್ಟು ದಿನ ಯಾರೂ ಸಿಕ್ಕಿರಲಿಲ್ಲವಂತೆ. "ನನ್ನ ತಂಗಿಗೆ ಊರೆಲ್ಲ ನೆಂಟ್ರು" ಎಂದು ಅಕ್ಕ ಬೈದುಕೊಂಡು ಮುಂದೆ ಹತ್ತುತ್ತಾಳೆ.

ಸಂಜೆ ಕೆಲಸ ಮುಗಿಸಿ, ಕಿವಿಯ ಮೇಲೆ ಹೆಡ್‌ಫೋನಿನ ಕೆಂಪು ಗುರುತು ಇಟ್ಟುಕೊಂಡೇ ನೀವು ಅಡುಗೆಮನೆ ಬಾಗಿಲಿಗೆ ಒರಗಿ "ಏನು?" ಎನ್ನುತ್ತಿದ್ದಿರಿ. ನಾನು "ಏನಿಲ್ಲ" ಎನ್ನುತ್ತಿದ್ದೆ. ಅಷ್ಟೇ ಮಾತು. ಈಗ ಆ ಹೊತ್ತಿಗೆ ಸರಿಯಾಗಿ ಅಕ್ಕನ ಅಡುಗೆಮನೆ ಬಾಗಿಲ ಕಡೆ ತಿರುಗಿ ನೋಡುತ್ತೇನೆ. ಅಕ್ಕ ಎಷ್ಟು ಚೆನ್ನಾಗಿ ನೋಡಿಕೊಂಡರೂ "ಏನು?" ಎಂದು ಹಾಗೆ ಸುಮ್ಮಸುಮ್ಮನೆ ಕೇಳುವವರು ಇಲ್ಲಿ ಯಾರೂ ಇಲ್ಲ.

ನಿಮ್ಮ ಓದುಗಿತ್ತಿ

ಏಪ್ರಿಲ್ 15

ಓದುಗಿತ್ತಿಗೆ,

ಈ ಕಾಗದವನ್ನು ಅಕ್ಕನ ಎದುರು ಬಿಡಿಸಬೇಡ.

ಹನ್ನೆರಡನೇ ಅಧ್ಯಾಯದಲ್ಲಿ ಹಳೇ ಪೇಪರ್ ಕೊಳ್ಳುವವನ ಕೂಗು ಸೇರಿಕೊಂಡಿತ್ತು. ತೆಗೆಯೋಣವೆಂದು ಆ ಜಾಗದ ಸದ್ದನ್ನು ಏರಿಸಿದೆ. "ಹಳೇ ಪೇ" ಎಂದವನು "ಪರ್" ಎನ್ನಲೇ ಇಲ್ಲ. ಮುಂದಿನ ಪದಕ್ಕೆ ಬೀದಿ ನಿಶ್ಶಬ್ದ. ಅದರ ಮುಂದಿನ ಪದಕ್ಕೆ ಬಾಗಿಲಾಚೆ ಅಕ್ಕನ ಗೊಣಗಾಟ ನಡುವಿನಿಂದ ಕೇಳುತ್ತದೆ, ಇನ್ನೊಂದು ಪದಕ್ಕೆ ಅದೂ ಇಲ್ಲ. ವಾಕ್ಯ ವಾಕ್ಯಕ್ಕೂ ಅಲ್ಲ, ಎರಡು ಪದಗಳ ನಡುವೆ ಕೂಡ ನೀನು ರೆಕಾರ್ಡಿಂಗ್ ಯಂತ್ರ ನಿಲ್ಲಿಸಿದ್ದೀಯ. ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಒತ್ತಿದ್ದೀಯ. ಒಂದು ಪುಟದಲ್ಲಿ ಎಷ್ಟು ಕಡೆ ಎಂದು ಎಣಿಸಲು ಹೋಗಿ ಕೈಬಿಟ್ಟೆ.

ಆಮೇಲೆ ನಾನು ಹೊಗಳಿದ್ದ ಹನ್ನೊಂದನೇ ಅಧ್ಯಾಯವನ್ನು ತೆಗೆದು ನೋಡಿದೆ. ಅದೂ ಹಾಗೇ. ಉಸಿರು ಇರಬಾರದು ಎಂದು ಇಪ್ಪತ್ತು ವರ್ಷ ನಿನ್ನ ತಲೆ ತಿಂದವನಿಗೆ ಉಸಿರಿಲ್ಲದ ಓದು ಬಂದಾಗ ಸಂಶಯವೇ ಬರಲಿಲ್ಲ ನೋಡು, ಅನುಕೂಲವಾಯಿತು ಎಂದು ಕುಣಿದುಬಿಟ್ಟೆ.

ಒಂದು ಕಡೆ ಗುಂಡಿ ಒತ್ತಲು ತಡ ಮಾಡಿದ್ದೀಯ. ಒಂದು ಉಸಿರಿನ ಬಾಲ ಉಳಿದುಕೊಂಡಿದೆ. ಅದು ನಾನು ಕತ್ತರಿಸುತ್ತಿದ್ದ ಉಸಿರಲ್ಲ. ಮೂರು ಮಹಡಿ ಓಡಿ ಹತ್ತಿದವರ ಉಸಿರು, ಸ್ಟೂಲಿನ ಮೇಲೆ ಕೂತಲ್ಲೇ.

ಮೂರು ದಿಂಬು ತೆಳ್ಳಗಿರುವುದಕ್ಕಲ್ಲ. ಚಪ್ಪಲಿ ಬಿಗಿಯಾದದ್ದಲ್ಲ, ಕಾಲು ಊದಿದ್ದು. ಆ ಅಜ್ಜನ ಬಾಗಿಲಲ್ಲಿ ನಿಲ್ಲುವುದು ಮೊಮ್ಮಕ್ಕಳ ಕಥೆಗಲ್ಲ. ಫೋನ್ ಬೇಡ ಎಂದದ್ದು ಯಾಕೆಂದೂ ಈಗ ಗೊತ್ತಾಯಿತು, ನಾನು ಕೇಳಿಸಿಕೊಂಡುಬಿಡುತ್ತೇನೆ ಎಂದು. ಡಾಕ್ಟರಮ್ಮ ಹೇಳಿದ ಮಾತನ್ನು ನನಗೆ ಬರೆದು ತಿಳಿಸಿದವಳು ನೀನೇ, ಕಾಯ್ತಾ ಕೂರಬೇಡಿ ಎಂದಿದ್ದಾರೆ. ಇಪ್ಪತ್ತೇಳಕ್ಕೆ ಮುಂದಿನ ಇಂಜೆಕ್ಷನ್. ಅದಕ್ಕೆ ಮುಂಚೆ ಹೋಗಿ ಎಲ್ಲವನ್ನೂ ಹೇಳು. ಬೇಡಿಕೊಳ್ಳುತ್ತೇನೆ, ಹೇಳು.

ನಿನ್ನವನು

ಏಪ್ರಿಲ್ 20

ರೀ,

ಹೌದು.

ಉಸಿರು ಸಾಲುತ್ತಿಲ್ಲ. ತೂಕ ಏರಿದೆ, ಮೈ ತುಂಬಿಕೊಂಡಿತು ಎಂದು ಅಕ್ಕ ಖುಷಿಯಲ್ಲಿದ್ದಾಳೆ. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ. ನಿಮ್ಮ ಕಿವಿಗೆ ಬೆಂಕಿ ಬೀಳಲಿ, ಒಂದು ಉಸಿರಿನ ಬಾಲ ಹಿಡಿದು ಎಲ್ಲವನ್ನೂ ಎಳೆದಿರಿ.

ಈಗ ನನ್ನ ಮಾತೂ ಕೇಳಿ. ಹೇಳಿದ ದಿನವೇ ಇಂಜೆಕ್ಷನ್ ನಿಲ್ಲಿಸುತ್ತಾರೆ. ಹಸಿರು ಟೋಪಿಯದ್ದು ನಿಲ್ಲಿಸಿದರು, ಅವಳ ಕುರ್ಚಿಯಲ್ಲಿ ಇನ್ನು ಬೇರೆ ಯಾರೋ ಬಂದು ಕೂರುತ್ತಾರೆ. ಈ ಗಡ್ಡೆಗಾಗಿ ಏನೇನು ಕಳೆದುಕೊಂಡೆ ಎಂದು ನಿಮಗೆ ಗೊತ್ತು. ಇಷ್ಟು ದೂರ ಬಂದು ಅರ್ಧ ದಾರಿಯಲ್ಲಿ ಇಳಿಯುವುದಿಲ್ಲ. ಹೃದಯ ದಣಿದರೆ ದಣಿಯಲಿ, ಆಮೇಲೆ ನಿಧಾನಕ್ಕೆ ಸರಿ ಮಾಡಿಸಿಕೊಳ್ಳೋಣ. ಮುಂದಿನ ಸ್ಕ್ಯಾನ್ ಹೇಗೂ ಮೇ ತಿಂಗಳ ಕೊನೆಗಿದೆ. ಅಷ್ಟರೊಳಗೆ ಎರಡು ಇಂಜೆಕ್ಷನ್ ಆಗಿಬಿಡಲಿ.

ಅಕ್ಕನಿಗೆ ಹೇಳಬೇಡಿ. ಮದುವೆಯಾದಾಗಿನಿಂದ ನಿಮ್ಮಿಂದ ಗುಟ್ಟಾಗಿ ಏನನ್ನೂ ಕೇಳಿಕೊಂಡವಳಲ್ಲ, ಇದೊಂದನ್ನು ಕೇಳುತ್ತಿದ್ದೇನೆ. ನನ್ನ ಪಕ್ಷ ನಿಲ್ಲಿ.

ನಿಮ್ಮವಳು

ಏಪ್ರಿಲ್ 24

ಓದುಗಿತ್ತಿಗೆ,

ನಿನ್ನ ಕಾಗದ ಬೆಳಿಗ್ಗೆ ಬಂತು. ಓದಿ ಮಡಚಿಟ್ಟು ಅಕ್ಕನಿಗೆ ಫೋನ್ ಮಾಡಿದೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ಅವಳು ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರುತ್ತಾಳೆ.

ಅವಳ ಮೆಷಿನ್ ನಿಂತದ್ದು ಫೋನಿನಲ್ಲೇ ಕೇಳಿಸಿತು. ಆಮೇಲೆ "ನನ್ನ ಕಣ್ಣೆದುರೇ ಮೆಟ್ಟಿಲು ಹತ್ತಿದ್ಲಲ್ಲೋ" ಎಂದು ಅಳತೊಡಗಿದಳು. ಅವಳ ಮೇಲೆ ಸಿಟ್ಟು ಮಾಡಬೇಡ, ಇರುವ ಸಿಟ್ಟೆಲ್ಲ ನನ್ನ ಮೇಲಿರಲಿ.

ನನ್ನ ಪಕ್ಷ ನಿಲ್ಲಿ ಎಂದು ಬರೆದಿದ್ದೀಯ. ನಿನ್ನ ಪಕ್ಷ ಯಾವುದು ಎಂದು ಕೂತು ಯೋಚಿಸಿದೆ, ನನಗೆ ಸಿಕ್ಕಿದ್ದು ಇದೇ. ಗಡ್ಡೆಯಿಂದ ನಿನ್ನನ್ನು ಬಿಡಿಸಿಕೊಂಡು ಹೃದಯದ ಕೈಗೆ ಒಪ್ಪಿಸಲು ನನ್ನಿಂದ ಆಗುವುದಿಲ್ಲ. ನೀನು ಇನ್ನು ನನ್ನ ಜೊತೆ ಮಾತು ಬಿಟ್ಟರೂ ಸರಿ, ಮಾತು ಬಿಡಲು ನೀನಿರಬೇಕು.

ನಿನ್ನ ಗಂಡ

ಮೇ 13

ಓದುಗಿತ್ತಿಗೆ,

ಕಾಗದ ಬಂದಿಲ್ಲ. ಬರುತ್ತದೆಂದು ಅಂದುಕೊಂಡೂ ಇರಲಿಲ್ಲ, ಆದರೂ ಅಂಚೆಯವನ ಸೈಕಲ್ ಬೆಲ್ ಕೇಳಿಸಿದರೆ ಹೆಡ್‌ಫೋನ್ ಕಿತ್ತಿಟ್ಟು ಹೊರಗೆ ಹೋಗುತ್ತೇನೆ. ಅವನಿಗೂ ಈಗ ನನ್ನ ಮುಖ ನೋಡಲು ಸಂಕೋಚ.

ಅಕ್ಕ ದಿನಾ ಫೋನಿನಲ್ಲಿ ಹೇಳುತ್ತಾಳೆ. ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಐದು ದಿನ ವಾರ್ಡಿನಲ್ಲಿದ್ದೆ, ನೀರಿಳಿಸುವ ಮಾತ್ರೆ ಕೊಟ್ಟ ಮೇಲೆ ಕಾಲಿನ ಊತ ಇಳಿಯಿತು. ಹೃದಯ ಪಂಪು ಮಾಡುವ ಶಕ್ತಿ ನೂರಕ್ಕೆ ಅರವತ್ತು ಇದ್ದದ್ದು ನಲವತ್ತಕ್ಕೆ ಬಂದಿದೆ, ಇಂಜೆಕ್ಷನ್ ಕೊಡಲಿಲ್ಲ. "ಮಾತಾಡ್ತಾಳಾ?" ಎಂದು ಕೇಳಿದರೆ "ನನ್ನ ಹತ್ರ ಆಡ್ತಾಳಪ್ಪ" ಎನ್ನುತ್ತಾಳೆ. ಬರುತ್ತೇನೆ ಎಂದರೆ "ಬೇಡ ಅಂತ ತಲೆ ಆಡಿಸ್ತಿದ್ದಾಳೆ" ಎನ್ನುತ್ತಾಳೆ.

ನಿನ್ನ ದನಿ ಕೇಳಬೇಕೆನ್ನಿಸಿ ನೀನು ಹಿಂದೆ ಓದಿದ ಪುಸ್ತಕಗಳನ್ನೆಲ್ಲ ಹೊರಗೆ ತೆಗೆದೆ. ಮಕ್ಕಳ ಕಥೆ, ಪ್ರವಾಸ ಕಥನ, ಆ ಅಡುಗೆ ಪುಸ್ತಕ ಕೂಡ. ಪದಗಳೆಲ್ಲ ಇವೆ, ಸ್ಪಷ್ಟವಾಗಿ, ಸ್ವಚ್ಛವಾಗಿ. ನೀನು ಮಾತ್ರ ಎಲ್ಲೂ ಇಲ್ಲ. ನಗು ಬಂದು ತಡೆದುಕೊಂಡದ್ದು, ಪುಟ ತಿರುಗಿಸುವಾಗ ಗಂಟಲು ಸರಿಮಾಡಿಕೊಂಡದ್ದು, ಅಳು ಬರುವ ಜಾಗದಲ್ಲಿ ಎಳೆದುಕೊಂಡ ಉಸಿರು, ಎಲ್ಲವನ್ನೂ ನನ್ನ ಕೈಯಾರೆ ತೆಗೆದು ಎಸೆದಿದ್ದೇನೆ. ಕೇಳುತ್ತಾ ಕೂತು ಅತ್ತೆ ಕಣೇ.

ಬೈದಾದರೂ ಬರಿ.

ನಿನ್ನ ಕತ್ತರಿ

ಜೂನ್ 3

ಕತ್ತರಿಯವರಿಗೆ,

ಬೈಯಲೆಂದೇ ಕೂತಿದ್ದೇನೆ. ನಿಮ್ಮ ಫೋನಿನಿಂದ ನನಗಾದ ಅವಮಾನ ಕೇಳಿ. ಅಕ್ಕ ಕೈಯಲ್ಲಿದ್ದ ಕೋಟನ್ನು ಅರ್ಧಕ್ಕೇ ಎಸೆದು, ಎರಡನೇ ಮಹಡಿಯ ಅಜ್ಜನ ಮನೆಯಿಂದ ಕುರ್ಚಿ ತರಿಸಿ, ಅವರ ಮಗ ಮತ್ತು ಕೆಳಗಿನ ಅಂಗಡಿಯವನ ಕೈಯಲ್ಲಿ ನನ್ನನ್ನು ಕುರ್ಚಿ ಸಮೇತ ಹೊರಿಸಿ ಇಳಿಸಿದಳು. ಅಜ್ಜ ಬಾಗಿಲಲ್ಲಿ ನಿಂತು ಕೈ ಮುಗಿದರು. ನಾನು ಹೋಗಿಯೇಬಿಟ್ಟೆ ಎಂದುಕೊಂಡರೋ ಏನೋ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಂಚದ ಅಂಚಿನಲ್ಲಿ ಕೂತು, "ಯಾಕಮ್ಮ ಹೇಳ್ಲಿಲ್ಲ?" ಎಂದರು. ಹಸಿರು ಟೋಪಿಯ ವಿಷಯ ಹೇಳಿದೆ. "ನಿಲ್ಲಿಸೋದು ಅಂದ್ರೆ ಮುಗೀತು ಅಂತಲ್ಲ. ಸ್ವಲ್ಪ ದಿನ ತಡೀತೀವಿ. ಹೃದಯಕ್ಕೆ ಮಾತ್ರೆ ಕೊಡ್ತೀವಿ, ಅದು ಚೇತರಿಸ್ಕೊಂಡ್ರೆ ಮತ್ತೆ ಶುರು ಮಾಡ್ತೀವಿ. ಎಷ್ಟೋ ಜನಕ್ಕೆ ಚೇತರಿಸ್ಕೊಳ್ಳುತ್ತೆ, ಬೇಗ ಗೊತ್ತಾದ್ರೆ. ನೀವು ಮುಚ್ಚಿಟ್ಟು ಇನ್ನೂ ಎರಡು ಚುಚ್ಚಿಸ್ಕೊಂಡಿದ್ರೆ ಹೃದಯ, ಚಿಕಿತ್ಸೆ ಎರಡನ್ನೂ ಉಳಿಸೋದು ನಮ್ಗೆ ಕಷ್ಟ ಆಗ್ತಿತ್ತು" ಎಂದರು. ನಿಮ್ಮ ಹೆಸರು ಹೇಳಲಿಲ್ಲ, ಆದರೆ ಆ ಮಾತೆಲ್ಲ ನಿಮ್ಮ ಬಾಯಿಂದಲೇ ಬಂದ ಹಾಗಿತ್ತು. ಮುಖ ಗೋಡೆಯ ಕಡೆ ತಿರುಗಿಸಿಕೊಂಡೆ.

ಹೋದ ವಾರ ಹೃದಯದ ಡಾಕ್ಟರ ಬಾಗಿಲಲ್ಲಿ ಸರತಿಗೆ ಕೂತಿದ್ದೆ. ಒಳಗಿನಿಂದ "ರೈಟ್ ರೈಟ್, ಮುಂದೆ ಹೋಗಿ!" ಎಂಬ ಕೂಗು. ನನ್ನ ರೋಮವೆಲ್ಲ ನಿಮಿರಿತು, ಇರುವಷ್ಟು. ಹೊರಗೆ ಬಂದವಳು ಅವಳೇ, ತಲೆಯ ಮೇಲೆ ಹಸಿರು ಟೋಪಿ ಇರಲಿಲ್ಲ, ಬೆರಳಗಲ ಬಿಳಿ ಕೂದಲು ಬಂದಿದೆ. ಎರಡು ತಿಂಗಳಿಂದ ಅವಳನ್ನು ಸಾಯಿಸಿ ಕೂತಿದ್ದೆನಲ್ಲ, ತಬ್ಬಿಕೊಂಡು ಅತ್ತೆ. "ಏನ್ ತಾಯಿ, ನನ್ ಟಿಕೆಟ್ ಹರಿದೇಬಿಟ್ಟಿದ್ಯಾ?" ಎಂದಳು. ಇವಳೂ ಮಾತ್ರೆ ನುಂಗುತ್ತಿದ್ದಾಳೆ, ಇನ್ನೊಂದು ಸ್ಕ್ಯಾನ್ ಆದ ಮೇಲೆ ಇಂಜೆಕ್ಷನ್ ಶುರು ಮಾಡುತ್ತಾರಂತೆ.

ಈಗ ಬೆಳಿಗ್ಗೆ ಎದ್ದ ಕೂಡಲೇ ತೂಕ, ಆಮೇಲೆ ಬಿಪಿ, ಆಮೇಲೆ ಮಾತ್ರೆ. ಉಪ್ಪು ಅಷ್ಟಕ್ಕಷ್ಟೇ, ಅಕ್ಕ ಡಬ್ಬಿಯನ್ನೇ ಎಲ್ಲೋ ಬಚ್ಚಿಟ್ಟಿದ್ದಾಳೆ. ದಿನಾ ಸ್ವಲ್ಪ ನಡೆಯಬೇಕು, ಮಾತಾಡುತ್ತಾ ನಡೆಯುವಷ್ಟು ನಿಧಾನಕ್ಕೆ. ಮಾತು ತುಂಡಾದರೆ ಕೂರಬೇಕು. ಮೊದಲ ದಿನ ಕಾರಿಡಾರಿನ ಕೊನೆ ಮುಟ್ಟಲಿಲ್ಲ, ಈಗ ಹೋಗಿ ಬರುತ್ತೇನೆ.

ಕೋಪ ಇನ್ನೂ ಇದೆ. ಇಳಿದಾಗ ತಿಳಿಸುತ್ತೇನೆ.

ನಿಮ್ಮ ಓದುಗಿತ್ತಿ

ಜೂನ್ 16

ನನ್ನ ಓದುಗಿತ್ತಿಗೆ,

"ಕೋಪ ಇನ್ನೂ ಇದೆ" ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಇಷ್ಟು ಮುದ್ದಾದ ಸುದ್ದಿ ಈ ವರ್ಷ ಬಂದಿಲ್ಲ.

ನಮ್ಮ ಮನೆಯಲ್ಲೂ ಉಪ್ಪು ಕಮ್ಮಿ ಮಾಡಿದ್ದೇನೆ, ನೀನು ಬಂದ ಮೇಲೆ ಎರಡು ಅಡುಗೆ ಬೇಡವೆಂದು. ಅಮ್ಮ ಒಂದು ತುತ್ತು ಬಾಯಿಗಿಟ್ಟು "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ನೀನು ಎರಡನ್ನೂ ಕೈಬಿಟ್ಟೆ" ಎಂದು ತಟ್ಟೆ ಸರಿಸಿದಳು. ಯಾಕೆಂದು ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ತಟ್ಟೆಯನ್ನು ತಾನೇ ಹತ್ತಿರ ಎಳೆದುಕೊಂಡು ಉಂಡಳು. ಆಮೇಲೆ ಒಂದು ದಿನವೂ ಕೇಳಿಲ್ಲ.

ಕಾಲು ಹೇಗಿದೆ? ತೂಕ ಎಷ್ಟು? ಈಗ ಎಷ್ಟು ದಿಂಬು? ನಡೆಯುವಾಗ ಮಾತು ಎಲ್ಲಿ ತುಂಡಾಗುತ್ತದೆ? ಪುಸ್ತಕದ ಚಿಂತೆ ಬಿಡು. ಕಾದಂಬರಿ ಎಲ್ಲಿ ನಿಂತಿತೋ ಅಲ್ಲೇ ಕಾಯಲಿ ಎಂದು ಗ್ರಂಥಾಲಯದಲ್ಲಿ ಹೇಳಿದ್ದೇನೆ. ಬೇರೆಯವರಿಂದ ಓದಿಸೋಣವೇ ಎಂದರು. ನಾನು ಎದ್ದು ಹೊರಗೆ ಬಂದೆ.

ಇನ್ನೊಂದು ವಿಷಯ. ಜುಲೈ ಕೊನೆಗೆ ನನ್ನ ತಂಗಿ ಬಂದು ಅಮ್ಮನ ಜೊತೆ ಒಂದು ತಿಂಗಳು ಇರುತ್ತಾಳೆ. ಬರಲೇ ಎಂದು ಕೇಳಿ ಕೇಳಿ ನಿನಗೂ ಬೇಜಾರಾಗಿದೆ, ಇನ್ನು ಕೇಳುವುದಿಲ್ಲ. ನೀನು ಬಾ ಎಂದ ದಿನ ಹೊರಡುತ್ತೇನೆ, ಬೇಡವೆಂದರೆ ಇಲ್ಲೇ ಇರುತ್ತೇನೆ. ಬೇಡ ಅನ್ನಬೇಡ.

ನಿನ್ನ ಕತ್ತರಿ

ಜುಲೈ 28

ರೀ,

ಉತ್ತರ ತಡವಾದದ್ದು ಕೋಪಕ್ಕಲ್ಲ. ಕೋಪ ಇಳಿದು ಬಹಳ ದಿನವಾಯಿತು, ಹೇಳಲು ಬಿಗುಮಾನ.

ಮೊದಲು ಒಳ್ಳೆಯ ಸುದ್ದಿ. ಹೊಸ ಸ್ಕ್ಯಾನಿನಲ್ಲಿ ಹೃದಯದ ಶಕ್ತಿ ಐವತ್ತೈದಕ್ಕೆ ಏರಿದೆ. ಇಂಜೆಕ್ಷನ್ ಮತ್ತೆ ಶುರುವಾಯಿತು. ಆರು ವಾರಕ್ಕೊಂದು ಸಲ ನೋಡುತ್ತಾರೆ. ಚಿಕಿತ್ಸೆಯೆಲ್ಲ ಮುಗಿದ ಮೇಲೂ ವರ್ಷಗಟ್ಟಲೆ ನೋಡಿಸಿಕೊಳ್ಳುತ್ತಲೇ ಇರಬೇಕು, ಮಾತ್ರೆಯನ್ನು ನಾವಾಗಿ ಬಿಡಬಾರದು. "ಗಡ್ಡೆ ವಾಸಿಯಾದ್ರೂ ಹೃದಯದ ಮೇಲೆ ಒಂದು ಕಣ್ಣು ಇಟ್ಟಿರ್ಬೇಕಮ್ಮ, ಅದು ಬಹಳ ವರ್ಷ ಕಳೆದ ಮೇಲೂ ಮುನಿಸ್ಕೋಬಹುದು" ಎಂದರು ಹೃದಯದ ಡಾಕ್ಟರು. ಕಾಲಲ್ಲಿ ಊತ ಇಲ್ಲ. ಒಂದೇ ದಿಂಬು. ಅಜ್ಜನ ಬಾಗಿಲಲ್ಲಿ ಈಗಲೂ ನಿಲ್ಲುತ್ತೇನೆ, ಮೊಮ್ಮಕ್ಕಳ ಕಥೆಗೆ.

ಹೃದಯ ಚೇತರಿಸಿಕೊಳ್ಳಲೆಂದು ತಡೆದಿಟ್ಟಿದ್ದ ಕಿರಣ ಚಿಕಿತ್ಸೆಯೂ, ಅದೇ ರೇಡಿಯೇಷನ್, ಮೊನ್ನೆಗೆ ಮುಗಿಯಿತು. ಎಡ ಎದೆಯ ಮೇಲೆ ಕಿರಣ ಬಿಡುವಾಗ ಕೆಳಗೇ ಹೃದಯವಿರುತ್ತದಲ್ಲ, ಅದಕ್ಕೆ ತಾಕಬಾರದೆಂದು ಒಂದು ಉಪಾಯವಿದೆ. ಆಳವಾಗಿ ಉಸಿರು ತುಂಬಿ ಹಿಡಿದುಕೊಂಡರೆ ಶ್ವಾಸಕೋಶ ಉಬ್ಬಿ ಹೃದಯವನ್ನು ಎದೆಗೋಡೆಯಿಂದ ಹಿಂದೆ ಸರಿಸುತ್ತದಂತೆ. ಅಷ್ಟು ಹೊತ್ತು ಮಾತ್ರ ಯಂತ್ರ ಓಡಿಸುತ್ತಾರೆ. ನಾನು ಒಬ್ಬಳೇ ಮಲಗಿರುತ್ತಿದ್ದೆ. ಗಾಜಿನ ಆ ಕಡೆಯಿಂದ ಸ್ಪೀಕರಿನಲ್ಲಿ ಒಂದು ದನಿ: "ಉಸಿರು ತಗೊಳ್ಳಿ. ಹಿಡೀರಿ. ಹಾಗೇ, ಹಾಗೇ. ಬಿಡಿ." ಕಣ್ಣು ಮುಚ್ಚಿದರೆ ಆ ಕಡೆ ನೀವೇ ಕೂತಂತಿತ್ತು. ಮೊದಲೆರಡು ದಿನ ಕಷ್ಟವಾಯಿತು, ಆಮೇಲೆ ನನ್ನ ಹಳೆಯ ಉಸಿರು ತಿರುಗಿ ಬಂತು. "ಎಲ್ಲಿ ಕಲಿತ್ರಿ ಇಷ್ಟು ಹೊತ್ತು ಹಿಡಿಯೋದನ್ನ?" ಎಂದು ಆ ಹುಡುಗಿ ಕೇಳಿದಳು. ನನ್ನ ಗಂಡ ಕಲಿಸಿದ್ದು ಎಂದೆ.

ಈಗ ಇಷ್ಟು ದಿನ ಬರೆಯದೆ ಇದ್ದ ವಿಷಯ.

ಅತ್ತೆಯನ್ನು ನೋಡಿಕೊಳ್ಳುವವರು ಯಾರು, ಪಕ್ಕದ ಮನೆಯಾಕೆ ಎಂಥವಳು ಎಂದೆಲ್ಲ ಬರೆದೆ. ಎಲ್ಲಾ ನೆಪ. ನಿಮ್ಮ ಕಿವಿಗೆ ಹೆದರಿ ಫೋನ್ ಬೇಡವೆಂದೆ, ನಿಜ. ಬರಬೇಡಿ ಎಂದದ್ದು ನಿಮ್ಮ ಕಣ್ಣಿಗೆ ಹೆದರಿ. ಆಪರೇಷನ್ ಆದ ದಿನ ನೀವು ನೋಡಿದ್ದು ಮುಖ ಒಂದನ್ನೇ, ಕುತ್ತಿಗೆಯವರೆಗೆ ಹೊದಿಕೆ ಎಳೆದುಕೊಂಡಿದ್ದೆ. ಅದಾದ ಮೇಲೆ ನೀವು ಪ್ರತಿ ಕಾಗದದಲ್ಲೂ ಉಸಿರು ಕೇಳಿದಿರಿ, ಕಾಲು ಕೇಳಿದಿರಿ, ತೂಕ ಕೇಳಿದಿರಿ. ಹೇಗೆ ಕಾಣುತ್ತೀಯ ಎಂದು ಒಮ್ಮೆಯೂ ಕೇಳಲಿಲ್ಲ. ನಿಮಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಎಷ್ಟೋ ದಿನ ಅದೇ ಉಪಕಾರ ಎಂದುಕೊಂಡಿದ್ದೆ. ಈಗೀಗ ಅದೇ ಸಂಕಟವಾಗುತ್ತಿದೆ.

ನಾನೇ ಹೇಳುತ್ತೇನೆ. ತಲೆಯಲ್ಲಿ ಬೆರಳಗಲ ಕೂದಲು ಬಂದಿದೆ, ಪೂರ್ತಿ ಬಿಳಿ. ಎಡಗಡೆ ಏನೂ ಇಲ್ಲ. ಕಂಕುಳಿನಿಂದ ಎದೆಯ ನಡುವಿನವರೆಗೆ ಒಂದು ಗೀರು, ಸುತ್ತ ಕಿರಣ ಬಿದ್ದ ಚರ್ಮ ಕಪ್ಪಾಗಿ ಸುಲಿಯುತ್ತಿದೆ. ಎಲುಬಿನ ಮೇಲೆ ಚರ್ಮ ಒಂದೇ. ಬಹಳ ದಿನ ಕನ್ನಡಿಗೆ ಬೆನ್ನು ಹಾಕಿ ಬಟ್ಟೆ ಹಾಕಿಕೊಳ್ಳುತ್ತಿದ್ದೆ. ಮೊನ್ನೆ ತಿರುಗಿ ನಿಂತು ನೋಡಿದೆ. ಗೀರಿನ ಕೆಳಗೆ, ಎರಡು ಎಲುಬುಗಳ ನಡುವೆ, ಚರ್ಮ ಸಣ್ಣಗೆ ಏರಿ ಇಳಿಯುತ್ತಿತ್ತು. ಏನಿದು ಎಂದು ಗಾಬರಿಯಾಗಿ ಬೆರಳಿಟ್ಟೆ. ಹೃದಯ. ಮೇಲೆ ಮುಚ್ಚಿಗೆ ಏನೂ ಉಳಿದಿಲ್ಲವಲ್ಲ, ಬಡಿಯುವುದು ಬರಿಗಣ್ಣಿಗೇ ಕಾಣುತ್ತದೆ.

ಡಾಕ್ಟರುಗಳೆಲ್ಲ ಯಂತ್ರ ಇಟ್ಟು ಅಳೆಯುವುದನ್ನು ನೀವು ಎದುರು ಕೂತು ನೋಡಬಹುದು. ಇಷ್ಟು ತಿಂಗಳು ಕೇಳಿಸಿಕೊಂಡದ್ದು ಸಾಕು.

ಈ ಕಾಗದ ಕೈ ಸೇರುವಷ್ಟರಲ್ಲಿ ನಿಮ್ಮ ತಂಗಿ ಬಂದಿರುತ್ತಾಳೆ, ಅವತ್ತೇ ಹೊರಡಿ. ಬನ್ನಿ. ಬಂದು ನನ್ನನ್ನು ನೋಡಿ.

ನಿಮ್ಮ ಹೆಂಡತಿ